ಪರಿಹಾರದ ಮೂಟೆಯಿಂದ ಸಂಘದ ಪುಸ್ತಕಕ್ಕೆ

ಹೊಳಲ್ಕೆರೆ, ಚಿತ್ರದುರ್ಗ ಕಡೆಯ ಹಳ್ಳಿಗಳಲ್ಲಿ ಐವತ್ತು ದಾಟಿದ ಹೆಣ್ಣುಮಕ್ಕಳನ್ನು ಮಾತಿಗೆಳೆದರೆ ‘ನಮ್ದು ಮೈರಾಡ ಸಂಘ’ ಎಂಬ ಮಾತು ಇಂದಿಗೂ ಕಿವಿಗೆ ಬೀಳುತ್ತದೆ. ವಾರಕ್ಕೊಮ್ಮೆ ಒಂದೆಡೆ ಕೂತು, ಪುಡಿಗಾಸು ಕೂಡಿಟ್ಟು, ತಮ್ಮೊಳಗೇ ಸಾಲ ಕೊಟ್ಟು ತೆಗೆದುಕೊಂಡು, ಎಲ್ಲವನ್ನೂ ಪುಸ್ತಕಕ್ಕೆ ಬರೆಸಿಟ್ಟವರು ಅವರು. ಈ ಸಂಘಗಳ ಬೆನ್ನಿಗೆ ನಿಂತ ಸಂಸ್ಥೆ ಹುಟ್ಟಿದ್ದು 1968ರಲ್ಲಿ. ಆದರೆ ಅದು ಹುಟ್ಟಿದ್ದು ನಮ್ಮ ಹಳ್ಳಿಗಳಿಗಾಗಿ ಅಲ್ಲ, ಮನೆಮಠ ಬಿಟ್ಟು ಹಿಮಾಲಯ ದಾಟಿ ಬಂದ ಟಿಬೆಟನ್ನರಿಗಾಗಿ. ಅದರ ಪೂರ್ಣ ಹೆಸರೇ ಮೈಸೂರು ರಿಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಪುನರ್ವಸತಿ ಮೊದಲು, ಅಭಿವೃದ್ಧಿ ಆಮೇಲೆ.

ಎರಡನೆಯ ಮಹಾಯುದ್ಧದ ನಂತರ ಜಗತ್ತಿನಲ್ಲಿ ಎದ್ದ ಪರಿಹಾರ ಸಂಸ್ಥೆಗಳ ದೊಡ್ಡ ಪ್ರವಾಹದ ಒಂದು ಕವಲು ಹೀಗೆ ವೇದಾವತಿ ನದಿಯ ಸೀಮೆಗೂ ಬಂತು. ಆ ಸಂಸ್ಥೆಗಳ ಕಡತಗಳು ನ್ಯೂಯಾರ್ಕಿನಲ್ಲಿ, ಜಿನೀವಾದಲ್ಲಿ ಜೋಪಾನವಾಗಿವೆ. ಅವು ಕೊಟ್ಟವರ ಕಡತಗಳು. ಪಡೆದವರು ಬರೆದಿಟ್ಟ ಕಾಗದ ನಮ್ಮಲ್ಲಿದೆ, ಹಳ್ಳಿಯ ಟ್ರಂಕುಗಳಲ್ಲಿದೆ. ಇವೆರಡನ್ನೂ ಎದುರು ಬದುರು ಇಟ್ಟು ಓದದೆ ಮೈರಾಡದ ಚರಿತ್ರೆ ಪೂರ್ತಿಯಾಗದು ಎಂದು ನಾನು ನಂಬಿದ್ದೇನೆ. ಈ ಲೇಖನದ ಉದ್ದೇಶವೂ ಅದೇ.

1943–1959: ಯುದ್ಧದ ಮಗ್ಗುಲಲ್ಲಿ ಹುಟ್ಟಿದ ಸಂಸ್ಥೆಗಳು

1943ರ ನವೆಂಬರ್ 9ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ 44 ದೇಶಗಳು ಕೂಡಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಯುದ್ಧದಲ್ಲಿ ನುಚ್ಚುನೂರಾದ ನಾಡುಗಳಿಗೆ ಅನ್ನ, ಬಟ್ಟೆ, ಔಷಧ ಮುಟ್ಟಿಸಲು, ಊರು ತಪ್ಪಿದವರನ್ನು ಊರಿಗೆ ಸೇರಿಸಲು ‘ಅನ್ರಾ’ ಎಂಬ ಪರಿಹಾರ ಮತ್ತು ಪುನರ್ವಸತಿ ಆಡಳಿತ ಅಂದು ಹುಟ್ಟಿತು. ಸಹಿ ಹಾಕಿದವರಲ್ಲಿ ಭಾರತವೂ ಇತ್ತು. ಅದೇ ವರ್ಷ ಬಂಗಾಳದಲ್ಲಿ ಲಕ್ಷಲಕ್ಷ ಜನ ಹಸಿವಿನಿಂದ ಸಾಯುತ್ತಿದ್ದರು. ಶತ್ರುವಿನ ಹಿಡಿತದಿಂದ ಬಿಡಿಸಿಕೊಂಡ ದೇಶಗಳಿಗೆ ಮಾತ್ರ ನೆರವು ಎಂಬ ಚೌಕಟ್ಟಿನೊಳಗೆ ಬಂಗಾಳ ಸೇರಲಿಲ್ಲ. ಅನ್ರಾದ ಧಾನ್ಯ ಅಲ್ಲಿಗೆ ಹೋಗಲಿಲ್ಲ. ಪರಿಹಾರ ಯಾರಿಗೆ ಸಲ್ಲಬೇಕು ಎಂಬುದನ್ನು ಹೊಟ್ಟೆಯ ಹಸಿವಿಗಿಂತ ಮುಂಚೆ ಕಾಗದದ ಮೇಲಿನ ನಿಯಮ ತೀರ್ಮಾನಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ನನಗೆ ತಿಳಿದಿಲ್ಲ.

ಅನ್ರಾ ಬಾಳಿದ್ದು ಕೆಲವೇ ವರ್ಷ. 1947ರಲ್ಲಿ ಯುರೋಪಿನ ಕೆಲಸ ಮುಗಿಸಿತು. ಮುಗಿಸುವ ಹೊತ್ತಿಗೆ ಅದು ಮಾಡಿದ ಒಂದು ಕೆಲಸ ಎಲ್ಲ ಸಂಸ್ಥೆಗಳಿಗೂ ಮೇಲ್ಪಂಕ್ತಿಯಾಗುವಂಥದ್ದು: ತನ್ನ ಕಡತಗಳನ್ನೆಲ್ಲ ಕೂಡಿಸಿ ವಿಶ್ವಸಂಸ್ಥೆಗೆ ಒಪ್ಪಿಸಿತು, ತನ್ನ ಆಡಳಿತದ ಚರಿತ್ರೆಯನ್ನೂ ಬರೆಸಿತು. ಜಾರ್ಜ್ ವುಡ್‌ಬ್ರಿಜ್ ಮುಂದಾಳತ್ವದಲ್ಲಿ ಮೂರು ಸಂಪುಟಗಳ ಆ ಇತಿಹಾಸ 1950ರಲ್ಲಿ ಹೊರಬಂತು. ಜರ್ಮನಿಯ ಬಾಡ್ ಆರೋಲ್ಸನ್ ಎಂಬ ಸಣ್ಣ ಊರಿನಲ್ಲಿ ಇನ್ನೊಂದು ಭಂಡಾರ ಬೆಳೆಯಿತು. ನಾಜಿಗಳ ಕಾಲದಲ್ಲಿ ಕಣ್ಮರೆಯಾದವರನ್ನು ಹುಡುಕಲು ಕಲೆಹಾಕಿದ ಸುಮಾರು ಮೂರು ಕೋಟಿ ದಾಖಲೆಗಳು ಅಲ್ಲಿವೆ. ಹೆಸರುಗಳೇ ಒಂದೂಮುಕ್ಕಾಲು ಕೋಟಿ. ಸಂಶೋಧಕರಿಗೆ ಆ ಬಾಗಿಲು ತೆರೆದದ್ದು 2007ರಲ್ಲಿ. 2013ರಲ್ಲಿ ಯುನೆಸ್ಕೊ ಅದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಅಲ್ಲಿ ಒಂದು ಚೀಟಿ ಸಿಕ್ಕರೆ ಒಂದು ಮನೆತನಕ್ಕೆ ತನ್ನವರು ಏನಾದರೆಂಬುದು ತಿಳಿಯುತ್ತದೆ.

ಅನ್ರಾ ಮುಗಿದಲ್ಲಿ ಬೇರೆ ಸಂಸ್ಥೆಗಳು ಮೊಳೆತವು. 1946ರ ಡಿಸೆಂಬರ್ 11ರಂದು ಯುನಿಸೆಫ್ ಬಂತು. 1949ರ ಹೊತ್ತಿಗೆ ಭಾರತದಲ್ಲೂ ಕೆಲಸ ಹಿಡಿಯಿತು. 1951ರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ನಡೆಯಿತು. ಸರ್ಕಾರಗಳಿಗೆ ಸೇರದ ಸಂಸ್ಥೆಗಳ ಪೈಕಿ ನಮ್ಮ ಜನರ ಬಾಯಲ್ಲಿ ಉಳಿದದ್ದು ಒಂದೇ: ಕೇರ್.

ಶಾಲೆಯ ಜಗಲಿಗೆ ಬಂದ ಗೋಧಿ

ಅಮೆರಿಕದ 22 ಸಂಘಟನೆಗಳು ಸೇರಿ 1945ರ ನವೆಂಬರಿನಲ್ಲಿ ಕೇರ್ ಕಟ್ಟಿದವು. ಸೈನ್ಯದಲ್ಲಿ ಮಿಕ್ಕಿದ್ದ ಆಹಾರದ ಪೊಟ್ಟಣಗಳನ್ನು ಯುರೋಪಿನ ಹಸಿದ ಮನೆಗಳಿಗೆ ಕಳಿಸುವುದು ಮೊದಲ ಕೆಲಸ. ಮೊದಲ ಪೊಟ್ಟಣಗಳು 1946ರ ಮೇ 11ರಂದು ಫ್ರಾನ್ಸಿನ ಲ ಹಾವ್ರ್ ಬಂದರಿಗೆ ಇಳಿದವು. 1950ರಲ್ಲಿ ಭಾರತ ಸರ್ಕಾರದೊಡನೆ ಒಪ್ಪಂದವಾಯಿತು. 1954ರ ಜುಲೈಯಲ್ಲಿ ಅಮೆರಿಕ ತನ್ನ ಹೆಚ್ಚುವರಿ ಧಾನ್ಯ ಹೊರದೇಶಗಳಿಗೆ ಹೋಗಲು ಪಿ.ಎಲ್. 480 ಕಾಯ್ದೆ ತಂದ ಮೇಲೆ ಪೊಟ್ಟಣದ ಕಾಲ ಹೋಗಿ ಮೂಟೆಯ ಕಾಲ ಬಂತು.

ಮೈಸೂರು ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಓದಿದ ಎರಡು ತಲೆಮಾರಿಗೆ ‘ಕೇರ್ ಉಪ್ಪಿಟ್ಟು’ ಗೊತ್ತು. ಮುರಿದ ಗೋಧಿಯ ಆ ಉಪ್ಪಿಟ್ಟು, ಲೋಟದ ತುಂಬ ಪುಡಿ ಹಾಲು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಸದುರ್ಗ, ಹಿರಿಯೂರಿನ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳಿಗೆ ಹೊಟ್ಟೆ ತುಂಬಿದ್ದು ಶಾಲೆಯಲ್ಲೇ. ಕೈಕುಲುಕುವ ಎರಡು ಕೈಗಳ ಚಿತ್ರವಿದ್ದ ಎಣ್ಣೆಯ ಡಬ್ಬಗಳು ಖಾಲಿಯಾದ ಮೇಲೆ ಹಿಡಿ ಹಾಕಿಸಿಕೊಂಡು ನೀರು ಹೊರಲು ಹೋದವು, ರಾಗಿ ತುಂಬಲು ಹೋದವು. ಚೀಲಗಳು ಹಾಸಿಗೆಯಾದವು. ಮಾರಾಟಕ್ಕಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಬರಹವನ್ನು ಊರಿನಲ್ಲಿ ಓದಬಲ್ಲವರು ಮೇಷ್ಟ್ರೊಬ್ಬರೇ.

ಮೇಷ್ಟ್ರು ಅದನ್ನು ಓದಿದ್ದಷ್ಟೇ ಅಲ್ಲ, ಲೆಕ್ಕವನ್ನೂ ಬರೆಯುತ್ತಿದ್ದರು. ಬಂದದ್ದು, ಬೆಂದದ್ದು, ಹುಳು ಬಿದ್ದು ಕೆಟ್ಟದ್ದು, ಉಳಿದದ್ದು, ಹಾಜರಿದ್ದ ಮಕ್ಕಳ ಸಂಖ್ಯೆ. ಈ ದಾಸ್ತಾನು ಪುಸ್ತಕಗಳ ಮೊತ್ತ ತಾಲ್ಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ ಹೋಗಿ ಕೊನೆಗೆ ನ್ಯೂಯಾರ್ಕಿನಲ್ಲಿ ಒಂದು ವರದಿಯ ಸಾಲಾಗುತ್ತಿತ್ತು. ಕೇರ್ ಸಂಸ್ಥೆಯ 1945ರಿಂದ 1985ರವರೆಗಿನ ದಾಖಲೆಗಳು ಇಂದು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಆ ಸಾಲಿನ ಮೂಲವಾದ ದಾಸ್ತಾನು ಪುಸ್ತಕದ ಗತಿ ಬೇರೆ. ತಪಾಸಣೆ ಮುಗಿದು, ಇಡಬೇಕಾದ ಅವಧಿ ಕಳೆದರೆ ಅದು ರದ್ದಿ. ಯಾರ ತಪ್ಪೂ ಅಲ್ಲ, ಕಚೇರಿಯ ನಡವಳಿಕೆಯೇ ಹಾಗೆ.

2002ರಲ್ಲಿ ರಾಜ್ಯ ಸರ್ಕಾರ ಅಕ್ಷರ ದಾಸೋಹ ಆರಂಭಿಸಿ ಬಿಸಿಯೂಟವನ್ನು ತನ್ನದೇ ಹೊಣೆ ಮಾಡಿಕೊಂಡಿತು. ಅಲ್ಲಿಗೆ ಕೇರ್ ಉಪ್ಪಿಟ್ಟು ಪೂರ್ತಿಯಾಗಿ ನೆನಪಿನ ಲೋಕಕ್ಕೆ ಸೇರಿತು.

1959–1982: ಟಿಬೆಟನ್ನರು ಮತ್ತು ಮೈರಾಡದ ಹುಟ್ಟು

1959ರ ಮಾರ್ಚಿನಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸಕ್ಕೆ ನಿಂತಿದ್ದ ಅವರಿಗೆ ನೆಲ ಕೊಡಲು ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರಿನದು ದೊಡ್ಡ ಪಾಲು. 1960ರ ಕೊನೆಗೆ ಬೈಲಕುಪ್ಪೆಯ ಕಾಡಂಚಿನಲ್ಲಿ ಮೊದಲ ತಂಡ ಇಳಿಯಿತು. 1966ರಲ್ಲಿ ಮುಂಡಗೋಡಿನ ವಸಾಹತು ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪ. ಚಿತ್ರದುರ್ಗದಲ್ಲಿ ವಕೀಲಿ ನಡೆಸಿ, ಇಲ್ಲಿಂದಲೇ ರಾಜಕಾರಣಕ್ಕಿಳಿದು, ಕೊನೆಯ ದಿನಗಳನ್ನೂ ಇದೇ ಊರಿನಲ್ಲಿ ಕಳೆದವರು. ಟಿಬೆಟನ್ ಸಮುದಾಯ ಅವರನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಊರಿನವರಾದ ನಾವು ಅವರ ಹೆಸರನ್ನು ಏಕೀಕರಣದ ಜೊತೆಗೇ ಹೇಳಿ ನಿಲ್ಲಿಸುತ್ತೇವೆ. ಈ ಅಧ್ಯಾಯವನ್ನೂ ಸೇರಿಸಿ ಹೇಳಬೇಕು.

ಕಾಡು ಕಡಿದು, ನೆಲ ಹದಮಾಡಿ, ಚಳಿನಾಡಿನ ಜನರಿಗೆ ಮುಸುಕಿನ ಜೋಳ ಬೆಳೆಯುವುದನ್ನು ಕಲಿಸುವುದು ಒಂದು ಇಲಾಖೆಯ ಕೈಲಿ ಆಗುವ ಕೆಲಸವಾಗಿರಲಿಲ್ಲ. ಹೊರದೇಶದ ಹಲವು ಪರಿಹಾರ ಸಂಸ್ಥೆಗಳು ಹಣ, ಟ್ರ್ಯಾಕ್ಟರು, ತಜ್ಞರನ್ನು ಕಳಿಸುತ್ತಿದ್ದವು. ಕೊಡುವವರು ಹಲವರಾದಾಗ ಲೆಕ್ಕ ಕೇಳುವವರೂ ಹಲವರು. ಅತ್ತ ಸರ್ಕಾರಕ್ಕೂ ಇತ್ತ ದಾನಿಗಳಿಗೂ ನಡುವೆ ನಿಂತು, ಹಣವನ್ನು ನೆಲದ ಮೇಲಿನ ಕೆಲಸವಾಗಿ ಮಾಡಿ ತೋರಿಸುವ ಒಂದು ಸಂಸ್ಥೆ ಬೇಕಾಯಿತು. 1968ರಲ್ಲಿ ಮೈರಾಡ ರೂಪುಗೊಂಡದ್ದು ಈ ಅಗತ್ಯದಿಂದ. ಮರುವರ್ಷ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯೂ ದೆಹಲಿಯಲ್ಲಿ ತೆರೆಯಿತು. ಮುಂದೆ ಹುಣಸೂರು, ಕೊಳ್ಳೇಗಾಲದ ಕಡೆಯೂ ವಸಾಹತುಗಳು ಎದ್ದವು. ಮನೆ, ಬಾವಿ, ಗೋದಾಮು, ಸಹಕಾರ ಸಂಘ, ಇವು ಆ ದಶಕದ ಕೈಕೆಲಸ. ಕಣ್ಣಿಗೆ ಕಾಣುವ ಕಟ್ಟಡಗಳ ಕಾಲ ಅದು.

1978ರ ಸುಮಾರಿಗೆ ಸಂಸ್ಥೆಯೊಳಗೆ ಬೇರೊಂದು ಯೋಚನೆ ಬಲಿಯಿತು. ವಸಾಹತುಗಳ ಬೇಲಿಯಾಚೆಗೆ ಇದ್ದ ನಮ್ಮವೇ ಹಳ್ಳಿಗಳ ಬಡತನ ಯಾರ ಕಣ್ಣಿಗೂ ಬೀಳದೆ ಇರುವಂಥದ್ದಲ್ಲ. ಟಿಬೆಟನ್ನರು ತಮ್ಮ ಕಾಲ ಮೇಲೆ ನಿಲ್ಲುತ್ತಿದ್ದರು. ಕೈಯಲ್ಲಿದ್ದ ಅನುಭವ ಇನ್ನು ಯಾರಿಗೆ ಸಲ್ಲಬೇಕು ಎಂಬ ಬಗ್ಗೆ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿದ್ದದ್ದು ಸಹಜ. ಪರಿಹಾರದಲ್ಲಿ ಪಳಗಿದವರಿಗೆ ಅಭಿವೃದ್ಧಿಯ ನಿಧಾನ ಒಗ್ಗಲು ಕಾಲ ಬೇಕಾಯಿತು. 1982ರ ಹೊತ್ತಿಗೆ ದಾರಿ ನಿಚ್ಚಳವಾಯಿತು. ಆ ವರ್ಷ ಸಂಸ್ಥೆಯ ಕಾರ್ಯನಿರ್ವಾಹಕ ನಿರ್ದೇಶಕರಾಗಿ ಬಂದ ಅಲೋಷಿಯಸ್ ಪ್ರಕಾಶ್ ಫರ್ನಾಂಡಿಸ್ ಮುಂದಿನ ಎರಡೂವರೆ ದಶಕ ಅದನ್ನು ನಡೆಸಿದರು. 2000ದಲ್ಲಿ ಅವರಿಗೆ ಪದ್ಮಶ್ರೀ ಬಂತು.

ಬರದ ಸೀಮೆ

ಮೈರಾಡ ತನ್ನ ಹೊಸ ಕೆಲಸಕ್ಕೆ ಆಯ್ದುಕೊಂಡ ಸೀಮೆಗಳಲ್ಲಿ ಹೊಳಲ್ಕೆರೆಯೂ ಒಂದು. ಏಕೆ ಎಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ತುಂಬಿದರೆ 130 ಅಡಿ. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಹುಟ್ಟಿ ಸತ್ತವರು ಕೋಡಿಯ ನೀರು ನೋಡಲೇ ಇಲ್ಲ. ಅಣೆಕಟ್ಟಿರುವ ತಾಲ್ಲೂಕಿನ ಪಾಡೇ ಇದು. ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗು ನೋಡಿ ಹೊರಗಿನವರು ಮೋಸಹೋಗುತ್ತಾರೆ. ತೋಟ ಇದ್ದವರು ಕೆಲವರು. ಮಳೆ ನಂಬಿ ರಾಗಿ, ಸಜ್ಜೆ, ಶೇಂಗಾ ಬಿತ್ತುವವರು ಹಲವರು. ಅವರ ಹೊಲದಲ್ಲಿ ಕೂಲಿಗೆ ಹೋಗುವವರು ಇನ್ನೂ ಹಲವರು. ಬಿತ್ತನೆಗೆ, ಹೆರಿಗೆಗೆ, ತಿಥಿಗೆ ಕೈಸಾಲ. ಕೈಸಾಲಕ್ಕೆ ಬಡ್ಡಿ. ಬಡ್ಡಿ ತೀರಿಸಲು ಮತ್ತೆ ಕೂಲಿ.

ಬ್ಯಾಂಕುಗಳಿದ್ದವು, ಸೊಸೈಟಿಗಳಿದ್ದವು. ಆದರೆ ನೂರು ರೂಪಾಯಿ ಸಾಲ ಕೇಳುವ ಹೆಂಗಸಿಗೆ ಕೌಂಟರಿನಲ್ಲಿ ಜಾಗವಿರಲಿಲ್ಲ. ಅಡವಿಡಲು ಪಹಣಿ ಅವಳ ಹೆಸರಿನಲ್ಲಿರಲಿಲ್ಲ. ನೂರು ರೂಪಾಯಿ ಸಾಲಕ್ಕೆ ಬರೆಯಬೇಕಾದ ಕಾಗದದ ಖರ್ಚು ಬ್ಯಾಂಕಿಗೂ ಕಟ್ಟಿಬರುತ್ತಿರಲಿಲ್ಲ.

1982–1992: ಸೊಸೈಟಿ ಒಡೆಯಿತು, ಸಂಘ ಹುಟ್ಟಿತು

ಈ ದಶಕವೇ ಸಂಸ್ಥೆಯ ಚರಿತ್ರೆಯ ತಿರುವು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹಳ್ಳಿಗಳಲ್ಲಿ ಮೈರಾಡ ಮೊದಲು ಕಟ್ಟಿದ್ದು ದೊಡ್ಡ ಸಹಕಾರ ಸಂಘಗಳನ್ನು. ಟಿಬೆಟನ್ ವಸಾಹತುಗಳಲ್ಲಿ ಅವು ನಡೆದಿದ್ದವು. ಅಲ್ಲಿ ಎಲ್ಲರೂ ಒಂದೇ ಕಷ್ಟ ಹೊತ್ತು ಬಂದವರು, ಒಂದೇ ಅಳತೆಯ ನೆಲ ಪಡೆದವರು. ನಮ್ಮ ಹಳ್ಳಿ ಹಾಗಲ್ಲ. ಐದೆಕರೆ ತೋಟದವನೂ ಅವನ ತೋಟದ ಆಳೂ ಒಂದೇ ಸಂಘದ ಸದಸ್ಯರಾದರೆ ಸಭೆಯಲ್ಲಿ ಬಾಯಿ ಬಿಡುವವರು ಯಾರು? ಸಾಲ ಮೊದಲು ಯಾರಿಗೆ ಹೋಗುತ್ತದೆ? 1984–85ರ ಸುಮಾರಿಗೆ ಸಂಸ್ಥೆಯ ಹಲವು ಸೀಮೆಗಳಲ್ಲಿ ಇಂಥ ಸಂಘಗಳು ಬಿರುಕು ಬಿಟ್ಟವು. ಸದಸ್ಯರು ಸಣ್ಣಸಣ್ಣ ಗುಂಪಾಗಿ ಬಂದು ಸಂಸ್ಥೆಯವರಿಗೆ ಹೇಳಿದ್ದು ಇಷ್ಟು: ತೆಗೆದುಕೊಂಡ ಸಾಲ ತೀರಿಸುತ್ತೇವೆ, ಆದರೆ ಸೊಸೈಟಿಗೆ ಕಟ್ಟುವುದಿಲ್ಲ, ನಿಮಗೇ ಕೊಡುತ್ತೇವೆ. ಅಲ್ಲಿನ ಮುಂದಾಳುಗಳ ಮೇಲೆ ಅವರಿಗೆ ನಂಬಿಕೆ ಹೋಗಿತ್ತು.

ಸೊಸೈಟಿ ಒಡೆದದ್ದನ್ನು ಸೋಲೆಂದು ಬರೆದು ಕಡತ ಮುಚ್ಚಬಹುದಿತ್ತು. ಸಂಸ್ಥೆ ಹಾಗೆ ಮಾಡಲಿಲ್ಲ. ನಮಗೆ ಕೊಡುವ ಬದಲು ಆ ಹಣ ನಿಮ್ಮ ಗುಂಪಿನಲ್ಲೇ ಇರಲಿ, ನೀವೇ ಸಾಲ ಕೊಟ್ಟುಕೊಳ್ಳಿ ಎಂದಿತು. ಮೈರಾಡ ತೆಗೆದುಕೊಂಡ ತೀರ್ಮಾನಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಯಾರು ಯಾರ ಜೊತೆ ಸೇರಬೇಕೆಂಬುದನ್ನೂ ಜನರಿಗೇ ಬಿಟ್ಟಿತು. ಒಬ್ಬರನ್ನೊಬ್ಬರು ನಂಬುವ ಹದಿನೈದಿಪ್ಪತ್ತು ಜನ, ವಾರಕ್ಕೊಂದು ಸಭೆ, ಕಡ್ಡಾಯ ಉಳಿತಾಯ, ತಪ್ಪಿದರೆ ದಂಡ, ಸರದಿಯ ಮೇಲೆ ಪ್ರತಿನಿಧಿಗಳು. ಇವನ್ನು ಮೊದಲು ಸಾಲ ನಿರ್ವಹಣಾ ಗುಂಪುಗಳೆಂದು ಕರೆದರು. 1986–87ರ ಹೊತ್ತಿಗೆ ಸಂಸ್ಥೆಯ ಎಲ್ಲ ಸೀಮೆಗಳಲ್ಲಿ ಕೂಡಿ ಇಂಥ ಸುಮಾರು 300 ಗುಂಪುಗಳಿದ್ದವು.

1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಗುಂಪುಗಳ ಉಳಿತಾಯಕ್ಕೆ ಸರಿಸಮನಾಗಿ ಬೀಜಧನ ಕೊಟ್ಟು, ಏನಾಗುತ್ತದೆ ನೋಡಿ ಎಂಬುದು ಅದರ ಹಿಂದಿನ ಯೋಚನೆ. ನಡೆದದ್ದನ್ನು ಮುಂಬಯಿಯ ಬ್ಯಾಂಕಿನವರು ಕಣ್ಣಾರೆ ನೋಡಿದರು. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಇಂಥ ಗುಂಪುಗಳಿಗೆ ಸಾಲ ಕೊಡಲು ವಾಣಿಜ್ಯ ಬ್ಯಾಂಕುಗಳಿಗೆ ಸೂಚಿಸಿತು. 1992ರ ಫೆಬ್ರವರಿಯಲ್ಲಿ ನಬಾರ್ಡ್ ದೇಶದಲ್ಲಿ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಹೊರಡಿಸಿತು. ಇಂದು ದೇಶದ ತುಂಬ ಲಕ್ಷಗಟ್ಟಲೆ ಸಂಘಗಳು ನಡೆಯುವ ರೀತಿನೀತಿಗೆ ಹೊಳಲ್ಕೆರೆಯಂಥ ಒಣಸೀಮೆಗಳ ಹೆಂಗಸರು ಜಗಲಿಯ ಮೇಲೆ ಕೂತು ಮಾಡಿದ ಲೆಕ್ಕ ಬುನಾದಿ. ಈ ಮಾತನ್ನು ಜಿಲ್ಲೆಯವರು ಇನ್ನೂ ಗಟ್ಟಿಯಾಗಿ ಹೇಳಿಕೊಳ್ಳಬೇಕು.

ನಡಾವಳಿ ಪುಸ್ತಕ

ಸಂಸ್ಥೆಯ ಚರಿತ್ರೆ ಬರೆಯುವವರು ಮೊದಲು ಬಿಚ್ಚಬೇಕಾದದ್ದು ಸಂಘದ ನಡಾವಳಿ ಪುಸ್ತಕ. ಉದ್ದನೆಯ ರೂಲ್ ಹಾಕಿದ ಪುಸ್ತಕ, ಗಟ್ಟಿ ರಟ್ಟು. ಮೇಲೆ ಸಂಘದ ಹೆಸರು, ಸಾಮಾನ್ಯವಾಗಿ ಊರ ದೇವರದು. ಒಳಗೆ ತಾರೀಖು, ಸಭೆ ಸೇರಿದ ಜಾಗ, ಬಂದವರ ಹೆಸರು, ಬಾರದವರ ಹೆಸರು, ಬಾರದಿದ್ದುದಕ್ಕೆ ಕಾರಣ, ದಂಡ. ಆಮೇಲೆ ಉಳಿತಾಯ, ಕಂತು, ಹೊಸ ಸಾಲದ ಬೇಡಿಕೆ, ಅದರ ಮೇಲಿನ ಠರಾವು. ಕೊನೆಗೆ ಸಹಿಗಳು. ಮೊದಲ ವರ್ಷಗಳ ಪುಟಗಳ ಅಡಿಯಲ್ಲಿ ಸಾಲಾಗಿ ಹೆಬ್ಬೆಟ್ಟು. ಪುಟ ತಿರುಗಿಸುತ್ತ ಹೋದಂತೆ ಹೆಬ್ಬೆಟ್ಟುಗಳ ನಡುವೆ ಒಂದೊಂದೇ ಸೊಟ್ಟ ಅಕ್ಷರದ ಸಹಿ ಇಣುಕುತ್ತದೆ, ಆಮೇಲೆ ಅವು ಹೆಚ್ಚುತ್ತವೆ. ಸಾಕ್ಷರತೆಯ ಯಾವ ಅಂಕಿಅಂಶವೂ ಇದನ್ನು ಇಷ್ಟು ಹತ್ತಿರದಿಂದ ತೋರಿಸಲಾರದು.

ಸಾಲದ ಕಾರಣಗಳನ್ನಷ್ಟೇ ಓದುತ್ತ ಹೋದರೂ ಊರಿನ ಬದುಕು ಕಾಣುತ್ತದೆ. ಮೊದಲಿಗೆ ಅಕ್ಕಿಬೇಳೆ, ಆಸ್ಪತ್ರೆ, ಹಳೆ ಸಾಲ ತೀರಿಸಲು. ಆಮೇಲೆ ಕುರಿ, ಹಸು, ಬಿತ್ತನೆ ಬೀಜ. ಇನ್ನೂ ಮುಂದೆ ಮಗಳ ಕಾಲೇಜು ಫೀಸು, ಹೊಲಿಗೆ ಯಂತ್ರ, ಬೋರ್‌ವೆಲ್. ಬರದ ವರ್ಷದಲ್ಲಿ ಪಟ್ಟಿ ಮತ್ತೆ ಅಕ್ಕಿಬೇಳೆಗೆ ಇಳಿಯುತ್ತದೆ.

ಪುಸ್ತಕಕ್ಕೆ ಹತ್ತದ ಮಾತೂ ಇದೆ. ‘ಯಾಕವ್ವ, ಈ ವಾರನೂ ಕಂತು ತರ್ಲಿಲ್ಲ?’ ಎಂದು ಪ್ರತಿನಿಧಿ ಕೇಳಿದರೆ, ‘ಮಗೀಗೆ ಜ್ವರ ಕಣಕ್ಕ, ದುಡ್ಡೆಲ್ಲ ಡಾಕ್ಟ್ರಿಗೇ ಆತು, ಮುಂದಿನ ವಾರ ಎರಡೂ ಕಟ್ತೀನಿ’ ಎಂಬ ಉತ್ತರ. ಪುಸ್ತಕದಲ್ಲಿ ಇದು ‘ಕಂತು ಬಾಕಿ, ಒಂದು ವಾರ ಕಾಲಾವಕಾಶ’ ಎಂದಷ್ಟೇ ಬರುತ್ತದೆ. ಆ ಕಾಲಾವಕಾಶ ಕೊಡುವ ಅಧಿಕಾರ ಹಿಂದೆ ಸಾಹುಕಾರನಿಗಿತ್ತು. ಈಗ ಅವಳ ಪಕ್ಕದಲ್ಲಿ ಕೂತ ಅಕ್ಕತಂಗಿಯರಿಗೆ ಬಂತು. ಅನ್ರಾದ ಕಾಲದಿಂದ ನಡೆದುಬಂದ ಪರಿಹಾರದ ಕ್ರಮದಲ್ಲಿ ಪಡೆಯುವವರ ಹೆಸರು ಕೊಡುವವರ ಪಟ್ಟಿಯಲ್ಲಿರುತ್ತಿತ್ತು. ಇಲ್ಲಿ ಪಟ್ಟಿ ಬರೆಯುವವರೇ ಅವರು.

1992ರಿಂದ ಈಚೆಗೆ

ಸಂಘಗಳು ಸರ್ಕಾರದ ಕಾರ್ಯಕ್ರಮವೂ ಆದವು. ರಾಜ್ಯದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಐದು ಜಿಲ್ಲೆಗಳಲ್ಲಿ ನಡೆಯಿತು, ಚಿತ್ರದುರ್ಗ ಅವುಗಳಲ್ಲೊಂದು. ಬದು, ಚೆಕ್‌ಡ್ಯಾಮ್, ಕೃಷಿಹೊಂಡಗಳ ಜೊತೆಗೆ ಅದೂ ಸಂಘಗಳನ್ನು ಕಟ್ಟಿತು. ಸಂಖ್ಯೆ ಬೆಳೆಸುವ ಆತುರದಲ್ಲಿ, ಒಬ್ಬರನ್ನೊಬ್ಬರು ನಂಬುವವರೇ ಸೇರಬೇಕೆಂಬ ಮೊದಲ ನಿಯಮ ಅಲ್ಲಲ್ಲಿ ಸಡಿಲಗೊಂಡಿತು. ಮೈರಾಡ ತನ್ನ ಪ್ರಕಟಣೆಗಳಲ್ಲಿ ಈ ನಿಯಮವನ್ನು ಬಿಡದೆ ಒತ್ತಿಹೇಳುತ್ತ ಬಂದದ್ದು ಅದರ ಹೆಗ್ಗಳಿಕೆ.

ಸಂಸ್ಥೆ ಒಂದು ಸೀಮೆಯಲ್ಲಿ ಕಾಯಂ ಆಗಿ ಬೇರೂರಬಾರದು, ಸಂಘಗಳಿಗೆ ಕೆಲಸ ಒಪ್ಪಿಸಿ ಹಿಂದೆ ಸರಿಯಬೇಕು ಎಂಬುದೂ ಅದರ ತತ್ವ. ಆ ದಾರಿಯಲ್ಲಿ ಬಂದವು ಸಮುದಾಯ ನಿರ್ವಹಣೆಯ ಸಂಪನ್ಮೂಲ ಕೇಂದ್ರಗಳು. ನೂರರ ಆಸುಪಾಸಿನ ಸಂಘಗಳು ಸೇರಿ, ಶುಲ್ಕ ಕೊಟ್ಟು ನಡೆಸುವ ಕೇಂದ್ರಗಳಿವು. ಪುಸ್ತಕ ಬರೆಯುವವರಿಗೆ ತರಬೇತಿ, ಲೆಕ್ಕ ತಪಾಸಣೆ, ಬ್ಯಾಂಕಿನ ಓಡಾಟ, ಎಲ್ಲ ಅಲ್ಲೇ. ಅದಕ್ಕೂ ಮುನ್ನ ಸಂಘಗಳಿಗೆ ಸ್ವಂತ ಸೂರು ಎಂಬುದೇ ಇರಲಿಲ್ಲ. ಶಾಲೆಯ ಜಗಲಿ, ಗುಡಿಯ ಮುಂದಿನ ಕಟ್ಟೆ, ಅಂಗನವಾಡಿ, ಇವೇ ಕಟ್ಟಡ. ಹೊರದೇಶದ ಗೋಧಿಯ ಉಪ್ಪಿಟ್ಟು ತಿಂದ ಶಾಲೆಯ ಜಗಲಿಯ ಮೇಲೇ ಕೂತು ತನ್ನ ಸಂಘದ ಜಮಾಖರ್ಚು ಕೇಳಿದ ಹೆಂಗಸರ ತಲೆಮಾರು ಈ ಜಿಲ್ಲೆಯಲ್ಲಿದೆ.

ಕಡತಗಳ ಪಾಡು

ಸಂಸ್ಥೆಯ ಕಡೆಯ ಕಾಗದ ಸುರಕ್ಷಿತವಾಗಿದೆ. ಫರ್ನಾಂಡಿಸ್ ಅವರು ಬರೆದ ಪ್ರಬಂಧಗಳು ಗ್ರಾಮೀಣ ನಿರ್ವಹಣಾ ಮಾಲೆಯಾಗಿ ಪ್ರಕಟವಾಗಿವೆ. ಬ್ಯಾಂಕಿನ ಕಡೆಯ ಕಾಗದ ಅಲೆಮಾರಿ. ಜಿಲ್ಲೆಯದೇ ಆಗಿದ್ದ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ 2005ರಲ್ಲಿ ಬಳ್ಳಾರಿಯ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಅದು 2013ರಲ್ಲಿ ಪ್ರಗತಿ ಕೃಷ್ಣ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಪ್ರತಿ ವಿಲೀನದಲ್ಲೂ ಬೀರು ಜಾಗ ಬದಲಿಸುತ್ತದೆ. ಹಳೆಯ ಲೆಡ್ಜರು ಕೈತಪ್ಪುವುದು ಇಂಥ ಹೊತ್ತಿನಲ್ಲೇ.

ಸಂಘದ ಪುಸ್ತಕಗಳು ಎಲ್ಲಕ್ಕಿಂತ ದುರ್ಬಲ. ಸಂಘದ ಟ್ರಂಕು ಪ್ರತಿನಿಧಿಯ ಮನೆಯಲ್ಲಿರುತ್ತದೆ. ಅಟ್ಟ ಸೋರಿದರೆ, ಗೆದ್ದಲು ಹಿಡಿದರೆ, ಮನೆ ಹೊಸದಾಗಿ ಕಟ್ಟಿಸುವಾಗ ಹಳೆಯದನ್ನೆಲ್ಲ ಎಸೆದರೆ ಮುಗಿಯಿತು. ಲೆಕ್ಕ ಚುಕ್ತಾ ಆದ ಪುಸ್ತಕವನ್ನು ಏಕೆ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಿಲ್ಲ. ರಾಜ್ಯ ಪತ್ರಾಗಾರ ಇಲಾಖೆ ಸರ್ಕಾರಿ ದಾಖಲೆ ಕಾಯುತ್ತದೆ. ಸಂಘದ ಪುಸ್ತಕ ಸರ್ಕಾರದ್ದೂ ಅಲ್ಲ, ಸಂಸ್ಥೆಯದ್ದೂ ಅಲ್ಲ. ಅದು ಆ ಹದಿನೈದಿಪ್ಪತ್ತು ಜನರ ಸ್ವತ್ತು. ಹಾಗಾಗಿ ಅವರ ಒಪ್ಪಿಗೆಯಿಲ್ಲದೆ ಯಾರೂ ಹೊತ್ತುಕೊಂಡು ಹೋಗುವಂತಿಲ್ಲ. ಯಾರು ಯಾವ ಕಷ್ಟಕ್ಕೆ ಸಾಲ ತಂದರೆಂಬುದು ಬೀದಿಯ ಮಾತಾಗಬಾರದು.

ಮನೆಗಳಲ್ಲಿರುವ ಹಳೆಯ ಕಾಗದ ಉಳಿಸುವುದು ಚಿತ್ರದುರ್ಗಕ್ಕೆ ಹೊಸ ಕೆಲಸವೂ ಅಲ್ಲ. ದುರ್ಗದ ಪಾಳೆಯಗಾರರ ಬಖೈರು, ಕಾಗದಪತ್ರಗಳನ್ನು ಹುಲ್ಲೂರು ಶ್ರೀನಿವಾಸ ಜೋಯಿಸರು ಕಲೆಹಾಕಿದ್ದರಿಂದಲೇ ಕೋಟೆಯ ಚರಿತ್ರೆ ಇಂದು ನಮಗೆ ಓದಲು ಸಿಕ್ಕಿದೆ. ಆ ಕಾಗದಗಳೂ ಒಂದು ಕಾಲಕ್ಕೆ ಯಾರದೋ ಮನೆಯ ಅಟ್ಟದಲ್ಲಿದ್ದಂಥವೇ.

ಮಾಡಬೇಕಾದದ್ದು ದೊಡ್ಡದೇನಲ್ಲ. ಹೊಳಲ್ಕೆರೆ, ಚಿತ್ರದುರ್ಗ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಹಳೆಯ ಸಂಘಗಳ ಪಟ್ಟಿ ಮಾಡಿ, ಪುಸ್ತಕಗಳು ಯಾರ ಮನೆಯಲ್ಲಿವೆ ಎಂದು ಗುರುತಿಸಬೇಕು. ಒಪ್ಪಿದವರ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಅವರಿಗೇ ಮರಳಿಸಬೇಕು. ಮೊದಲ ಸರದಿ 1992ಕ್ಕೆ ಹಿಂದಿನ ಪುಸ್ತಕಗಳದ್ದು. ಬ್ಯಾಂಕು, ಸರ್ಕಾರ ಕಾಲಿಡುವ ಮೊದಲು ಹೆಂಗಸರು ತಾವೇ ಮಾಡಿಕೊಂಡ ನಿಯಮಗಳು ಇರುವುದು ಅವುಗಳಲ್ಲಿ. ಹೆಬ್ಬೆಟ್ಟು ಒತ್ತಿದ ಮೊದಲ ಸದಸ್ಯೆಯರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಪುಸ್ತಕದ ಜೊತೆಗೆ ಅವರ ಮಾತನ್ನೂ ಈ ವರ್ಷವೇ ದಾಖಲಿಸಿಕೊಳ್ಳಬೇಕು.